ಮೊದಲ ಹತ್ತರಿ

ಕೆಲವು ಪ್ರಶ್ನೆಗಳು ಕೇಳುವವನಿಗೆ ಸಣ್ಣವಾಗಿ ತೋರುತ್ತವೆ. ಉತ್ತರ ಹೇಳಹೊರಟವನಿಗೆ ಮಾತ್ರ ಅವುಗಳ ಆಳ ತಿಳಿಯುತ್ತದೆ. ಅಂತಹದೊಂದು ಪ್ರಶ್ನೆಯನ್ನು ಕಳೆದ ಬೇಸಿಗೆಯ ರಜೆಯಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ನಮ್ಮ ಮುಂದಿಟ್ಟನು. ಅವನಿಗೆ ಮರಗೆಲಸ ಕಲಿಯಬೇಕೆಂಬ ಹಂಬಲ ಹುಟ್ಟಿತ್ತು. ಕೈಯಲ್ಲಿ ನಾಲ್ಕು ಕಾಸು ಕೂಡಿತ್ತು. “ಗುರುಜಿ, ಉದಗೀರಕ್ಕ ಹೋಗಿ ಒಂದು ರಂಧಾ ತರಬೇಕಂತ ಮಾಡೀನ್ರಿ. ಎಂಥಾದು ತರಲ್ರಿ?” ಎಂದು ಕೇಳಿದನು.

ರಂಧಾ ಎಂದರೆ ಹತ್ತರಿ. ನಿಘಂಟುಗಳಲ್ಲಿ ಕೀಸುಳಿ ಎಂದೂ ಹೇಳಿರುತ್ತಾರೆ. ಪಾರಸಿಯಿಂದ ಹೊರಟ ರಂಧಾ ಎಂಬ ಮಾತು ಉರ್ದುವಿಗೂ ಮರಾಠಿಗೂ ಬಂದು, ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡ ಮನೆಗಳಲ್ಲಿಯೂ ನೆಲೆಸಿದೆ. ಹೆಸರು ಯಾವುದಾದರೇನು, ವಸ್ತು ಒಂದೇ. ಕೈಗೆ ಹಿಡಿಸುವ ಒಂದು ದಿಮ್ಮಿ, ಅದರ ತಳದಲ್ಲಿ ಒಂದು ಕಿರಿದಾದ ಬಾಯಿ, ಆ ಬಾಯಿಯಿಂದ ಕೂದಲೆಳೆಯಷ್ಟೇ ಹೊರಚಾಚಿದ ಒಂದು ಅಲಗು. ಬಹುಮಟ್ಟಿಗೆ 45 ಅಂಶಗಳ ಓರೆಯಲ್ಲಿ ಕುಳಿತ ಆ ಅಲಗನ್ನು ಅದರ ಸ್ಥಾನದಲ್ಲಿ ಬಿಗಿಹಿಡಿಯಲು ಒಂದು ಬೆಣೆ ಅಥವಾ ತಿರುಪು. ಇಷ್ಟೇ ಅದರ ರಚನೆ. ಕ್ರಿಸ್ತಶಕ 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ನಗರದ ಅವಶೇಷಗಳಲ್ಲಿಯೂ ಹತ್ತರಿಗಳು ದೊರೆತಿವೆ. ಸುಮಾರು ಎರಡು ಸಾವಿರ ವರ್ಷಗಳಲ್ಲಿ ಮನುಷ್ಯನು ಇದರ ಮೂಲ ತತ್ತ್ವವನ್ನು ಬದಲಿಸುವ ಅಗತ್ಯವನ್ನು ಕಂಡಿಲ್ಲ.

ಬಡಿಗನ ಇತರ ಉಪಕರಣಗಳಿಗೂ ಇದಕ್ಕೂ ಒಂದು ಭೇದವುಂಟು. ಗರಗಸವು ಸೀಳುತ್ತದೆ, ಬಾಚಿಯು ಕೆತ್ತುತ್ತದೆ, ಉಳಿಯು ಕೊರೆಯುತ್ತದೆ. ಇವೆಲ್ಲ ಕಟ್ಟಿಗೆಯನ್ನು ಬೇಕಾದ ಅಳತೆಗೆ ತರುವ ಸಾಧನಗಳು. ಹತ್ತರಿಯಾದರೋ ಕಟ್ಟಿಗೆಯನ್ನು ಮಟ್ಟಕ್ಕೆ ತರುವ ಸಾಧನ. ಎರಡು ಹಲಗೆಗಳು ನಡುವೆ ಬೆಳಕು ನುಸುಳದಂತೆ ಕೂಡಬೇಕಾದರೆ ಎರಡರ ಅಂಚುಗಳೂ ನೇರವಾಗಿರಬೇಕು. ಆ ನೇರವು ಹತ್ತರಿಯ ತಳದಿಂದ ಕಟ್ಟಿಗೆಗೆ ಬರತಕ್ಕದ್ದು. ತಾನು ನೇರವಾಗಿಲ್ಲದ ಹತ್ತರಿಯು ಹಲಗೆಯನ್ನು ನೇರ ಮಾಡಲಾರದು. ಈ ಒಂದು ಮಾತಿನಲ್ಲಿಯೇ ನಮ್ಮ ಲೇಖನದ ಸಮಸ್ಯೆಯೆಲ್ಲ ಅಡಗಿದೆ.

ಅಂಗಡಿಯಲ್ಲಿ ಆ ಹುಡುಗನ ಮುಂದೆ ಬರುವ ದಾರಿಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ಹೊಳೆಯುವ ಬಣ್ಣ ಬಳಿದ, ಅಗ್ಗದ ಹೊಸ ಕಬ್ಬಿಣದ ಹತ್ತರಿ. ಎರಡನೆಯದು, ಬೆಲೆಯುಳ್ಳ ಹೊಸ ಹತ್ತರಿ. ಮೂರನೆಯದು, ಯಾವನೋ ಬಡಿಗನ ಕೈಯಲ್ಲಿ ದುಡಿದು ಈಗ ಮೂಲೆ ಸೇರಿದ ಹಳೆಯದು. ಅದು ಕಟ್ಟಿಗೆಯದಿರಬಹುದು, ಕಬ್ಬಿಣದ್ದಿರಬಹುದು. ನಾಲ್ಕನೆಯದು, ಗುಂಡಿ ಒತ್ತಿದರೆ ತಿರುಗುವ ವಿದ್ಯುತ್ತಿನ ಯಂತ್ರ. ಇವುಗಳೊಡನೆ ಅಳತೆಯ ಪ್ರಶ್ನೆಯೂ ಸೇರುತ್ತದೆ. ಅಮೆರಿಕದ ಲಿಯೊನಾರ್ಡ್ ಬೇಲಿ ಎಂಬವನು ರೂಪಿಸಿದ ಕಬ್ಬಿಣದ ಹತ್ತರಿಗಳನ್ನು 1869ರಲ್ಲಿ ಸ್ಟ್ಯಾನ್ಲಿ ಕಂಪನಿಯು ತನ್ನದಾಗಿಸಿಕೊಂಡಿತು. ಅಲ್ಲಿಂದ ಬಂದ ಸಂಖ್ಯೆಗಳನ್ನೇ ಇಂದಿಗೂ ಕಬ್ಬಿಣದ ಅಂಗಡಿಗಳಲ್ಲಿ ಹೇಳುತ್ತಾರೆ. 4ನೆಯ ಸಂಖ್ಯೆಯದು ಒಂಬತ್ತು ಅಂಗುಲದಷ್ಟು, 5ನೆಯದು ಹದಿನಾಲ್ಕು, 7ನೆಯದು ಇಪ್ಪತ್ತೆರಡು.

ಉದ್ದಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳು ಹೀಗೆ ತಿಳಿಯಬಹುದು. ಗರಗಸದಿಂದ ಬಂದ ಹಲಗೆಯ ಮೇಲೆ ಕಣ್ಣಿಗೆ ಕಾಣದ ಏರುತಗ್ಗುಗಳಿರುತ್ತವೆ. ಚಿಕ್ಕ ಹತ್ತರಿಯು ಅಲೆಯ ಮೇಲಿನ ದೋಣಿಯಂತೆ ಏರಿನಲ್ಲಿ ಏರುತ್ತದೆ, ತಗ್ಗಿನಲ್ಲಿ ಇಳಿಯುತ್ತದೆ. ಹಲಗೆ ನುಣುಪಾಗುತ್ತದೆ, ನೇರವಾಗುವುದಿಲ್ಲ. ಉದ್ದನೆಯದು ಏರಿನಿಂದ ಏರಿಗೆ ಸೇತುವೆಯಂತೆ ನಿಂತು ಏರುಗಳನ್ನಷ್ಟೇ ಕೀಸುತ್ತ ಹೋಗುತ್ತದೆ. ತೀರ ಉದ್ದವಾದುದನ್ನು ಆಳುವುದು ಎಳೆಯ ಕೈಗೆ ಕಷ್ಟ. ಆದುದರಿಂದ ಒಂದೇ ಒಂದು ಹತ್ತರಿಯನ್ನು ಇಟ್ಟುಕೊಳ್ಳಬೇಕಾದವನಿಗೆ ನಡುವಣ ಹದಿನಾಲ್ಕು ಅಂಗುಲದ್ದು ಒಪ್ಪುತ್ತದೆ. ಅಳತೆಯ ವಿಷಯ ಇಷ್ಟಕ್ಕೆ ಮುಗಿಯಿತು. ಗುಣದ ವಿಷಯವು ಇಷ್ಟು ಸುಲಭವಾಗಿ ಮುಗಿಯುವುದಿಲ್ಲ.

“ಮೊದಲು ಅಗ್ಗದ್ದರಲ್ಲಿ ಕಲಿಯಲಿ, ಕೈ ಪಳಗಿದ ಮೇಲೆ ಒಳ್ಳೆಯದನ್ನು ಕೊಂಡರಾಯಿತು” ಎಂಬುದು ಲೋಕದ ಬುದ್ಧಿವಾದ. ಹಿರಿಯರಲ್ಲಿ ಅನೇಕರು ಇದನ್ನೇ ಹೇಳುತ್ತಾರೆ. ಮಿತವ್ಯಯದ ದೃಷ್ಟಿಯಿಂದ ಇದು ಯುಕ್ತವಾಗಿಯೂ ಕಾಣುತ್ತದೆ. ನಮಗೆ ಇದು ಸರಿಯೆನಿಸುವುದಿಲ್ಲ. ಅದರ ಕಾರಣವನ್ನು ಹೇಳಲು ನಮ್ಮ ಬಾಲ್ಯದ ಒಂದು ಸಂಗತಿಯನ್ನು ನಿವೇದಿಸಬೇಕಾಗಿದೆ, ವಾಚಕರು ಮನ್ನಿಸಬೇಕು.

ನಾವು ಹನ್ನೆರಡು ವರ್ಷದವರಾಗಿದ್ದಾಗ ಸಂತೆಯಲ್ಲಿ ಒಂದು ಅಗ್ಗದ ಹತ್ತರಿಯನ್ನು ಕೊಂಡೆವು. ಮನೆಗೆ ತಂದು ಬೇವಿನ ಹಲಗೆಯೊಂದರ ಮೇಲೆ ನಡೆಸಿದೆವು. ಸುರುಳಿ ಸುರುಳಿಯಾಗಿ ಸಿಪ್ಪೆ ಏಳುವುದೆಂದು ಕಾದಿದ್ದೆವು. ಎದ್ದದ್ದು ಪುಡಿ ಮತ್ತು ಚೂರು. ಹಲಗೆಯ ಮೈ ಅಲ್ಲಲ್ಲಿ ಕಿತ್ತುಬಂದು ನಾಯಿ ಕಚ್ಚಿದಂತೆ ಆಯಿತು. ದಿನಗಟ್ಟಲೆ ಪ್ರಯತ್ನಿಸಿದೆವು. ನೋಡಿದವರೆಲ್ಲರೂ, “ಎಲ್ಲರ ಕೈಗೂ ಎಲ್ಲ ವಿದ್ಯೆ ಹತ್ತಂಗಿಲ್ಲ ಬಿಡಪಾ” ಎಂದರು. ಅವರು ಕೆಡುಕಿನಿಂದ ಹೇಳಿದವರಲ್ಲ, ಸಮಾಧಾನಕ್ಕಾಗಿ ಹೇಳಿದವರು. ನಾವು ಆ ಸಮಾಧಾನವನ್ನು ನಂಬಿದೆವು. ಹತ್ತರಿಯು ಅಟ್ಟ ಸೇರಿತು. ಮೂರು ವರ್ಷಗಳ ತರುವಾಯ ಮನೆಯ ಬಾಗಿಲು ರಿಪೇರಿಗೆ ಬಂದ ವೃದ್ಧ ಬಡಿಗರೊಬ್ಬರ ಕಣ್ಣಿಗೆ ಅದು ಬಿತ್ತು. ಅವರು ಅದನ್ನು ಮಗುಚಿ ಹಿಡಿದು, ತಳದ ಮೇಲೆ ಗುಣ್ಯಾದ ಅಂಚನ್ನು ನಿಲ್ಲಿಸಿ, ಬಾಗಿಲ ಬೆಳಕಿಗೆ ಎತ್ತಿ ತೋರಿಸಿದರು. ಗುಣ್ಯಾದ ಅಂಚಿಗೂ ಹತ್ತರಿಯ ತಳಕ್ಕೂ ನಡುವೆ, ಬಾಯಿ ಇರುವ ಕಡೆಯಲ್ಲಿಯೇ, ಬೆಳಕಿನ ಗೆರೆಯೊಂದು ಮೂಡಿತು. ಅಲಗನ್ನು ಉಗುರಿನ ಮೇಲೆ ಇಟ್ಟು ನೋಡಿ, “ತಮ್ಮಾ, ಇದು ಹುಟ್ಟಿದಾಗಿಂದ ಹರಿತ ಕಂಡಿಲ್ಲ. ಇದರಾಗ ನಾ ಕೀಸಿದರೂ ಹಿಂಗೇ ಆಗ್ತದ” ಎಂದರು.

ಆ ಬೆಳಕಿನ ಗೆರೆಯನ್ನು ನಾವು ಇಂದಿಗೂ ಮರೆತಿಲ್ಲ. ಕಳೆದುಹೋದದ್ದು ಹತ್ತರಿಯ ಬೆಲೆಯಾಗಿದ್ದರೆ ಅದು ಅಲ್ಪ ನಷ್ಟ. ಕಳೆದದ್ದು ಮೂರು ವರ್ಷ. ಅದಕ್ಕೂ ಹೆಚ್ಚಾಗಿ, ನಮ್ಮ ಕೈಗಳ ಮೇಲೆ ನಮಗಿದ್ದ ವಿಶ್ವಾಸ. ಯಾವುದೋ ವಸ್ತುವಿನ ದೋಷವನ್ನು ನಾವು ನಮ್ಮ ಸ್ವಭಾವದ ದೋಷವೆಂದು ಹೊತ್ತುಕೊಂಡು ತಿರುಗಿದ್ದೆವು.

“ಕುಣಿಯಲಾರದವಳು ನೆಲ ಡೊಂಕು ಎಂದಳು” ಎಂಬ ಗಾದೆ ಎಲ್ಲರಿಗೂ ತಿಳಿದದ್ದು. ಮರಾಠಿಯಲ್ಲಿ “ನಾಚತಾ ಯೇಈನಾ, ಅಂಗಣ ವಾಕಡೆ” ಎನ್ನುತ್ತಾರೆ. ಹಿಂದಿಯಲ್ಲಿಯೂ ಇದೇ ಮಾತುಂಟು. ಇಷ್ಟು ಭಾಷೆಗಳ ಜನ ಒಮ್ಮತದಿಂದ ಹೇಳಿದ್ದರಲ್ಲಿ ಸತ್ಯವಿಲ್ಲದೆ ಇಲ್ಲ. ತನ್ನ ತಪ್ಪನ್ನು ಸಾಧನದ ಮೇಲೆ ಹೊರಿಸುವುದು ಮನುಷ್ಯನ ಹಳೆಯ ಚಟ. ಆದರೆ ಗಾದೆಯು ಒಂದು ಪ್ರಶ್ನೆಯನ್ನು ಕೇಳದೆಯೇ ಮುಂದೆ ಹೋಗುತ್ತದೆ: ನೆಲ ನಿಜವಾಗಿಯೂ ಡೊಂಕಾಗಿದ್ದರೆ? ಕುಣಿತ ಬಲ್ಲವಳು ಡೊಂಕು ನೆಲದ ಮೇಲೆಯೂ ಹೆಜ್ಜೆಯನ್ನು ಹೊಂದಿಸಿಕೊಂಡಾಳು. ಡೊಂಕು ಎಲ್ಲಿದೆಯೆಂಬುದು ಅವಳಿಗೆ ಗೊತ್ತಾಗುತ್ತದೆ. ಈಗತಾನೆ ಹೆಜ್ಜೆ ಇಡಲು ಕಲಿಯುವವಳಿಗೆ ಎಡವಿದ್ದು ಕಾಲೋ ನೆಲವೋ ಹೇಗೆ ತಿಳಿಯಬೇಕು?

ಹತ್ತರಿಯ ವಿಷಯದಲ್ಲಿಯೂ ಹಾಗೆಯೇ. ಹಲಗೆ ಕಿತ್ತುಬಂದರೆ ಕಾರಣಗಳು ಹಲವಿರಬಹುದು. ಅಲಗು ಮೊಂಡಾಗಿರಬಹುದು, ತಳ ಡೊಂಕಾಗಿರಬಹುದು, ಅಲಗನ್ನು ಹೆಚ್ಚು ಇಳಿಸಿರಬಹುದು, ಕಟ್ಟಿಗೆಯ ಎಳೆಗೆ ಎದುರಾಗಿ ನಡೆಸಿರಬಹುದು, ಕಟ್ಟಿಗೆಯೇ ಗಂಟುಗಂಟಾಗಿರಬಹುದು. ಮೊದಲೆರಡು ಉಪಕರಣದ ದೋಷ, ನಡುವಿನೆರಡು ಕೈಯ ದೋಷ, ಕಡೆಯದು ಯಾರ ದೋಷವೂ ಅಲ್ಲ. ಪರಿಣತನು ಇವುಗಳನ್ನು ಸದ್ದಿನಿಂದಲೇ ಬೇರ್ಪಡಿಸಿ ಹೇಳಬಲ್ಲನು. ಹೊಸಬನಿಗೆ ಎಲ್ಲವೂ ಒಂದೇ ಮುದ್ದೆ. ಕಲಿಕೆಯೆಂಬುದು ಈ ಮುದ್ದೆಯನ್ನು ಬಿಡಿಸುವ ಕ್ರಿಯೆಯೇ ಹೊರತು ಬೇರೆಯಲ್ಲ. ಉಪಕರಣದ ದೋಷಗಳು ಇಲ್ಲವಾದಾಗ ಮಾತ್ರ ಹೊಸಬನು ತನ್ನ ಕೈಯ ದೋಷವನ್ನು ಕಾಣಬಲ್ಲನು. ಆದುದರಿಂದ ಒಳ್ಳೆಯ ಉಪಕರಣದ ಅವಶ್ಯಕತೆ ಬಲ್ಲವನಿಗಿಂತ ಕಲಿಯುವವನಿಗೇ ಹೆಚ್ಚು. ಲೋಕದ ಬುದ್ಧಿವಾದವು ಇಲ್ಲಿ ತಲೆಕೆಳಗಾಗಿ ನಿಂತಿದೆ.

ನೆಲ ಡೊಂಕಾಗುವ ಮಾತನ್ನು ಈ ಸೀಮೆಯವರಿಗೆ ಹೇಳುವಾಗ ಮನಸ್ಸು ಅಳುಕುತ್ತದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವದಲ್ಲಿ ಕಿಲ್ಲಾರಿ, ಸಾಸ್ತೂರುಗಳ ಸುತ್ತ ನೆಲವೇ ನಡುಗಿತು. ಸಾವಿರಾರು ಜನ ನಿದ್ರೆಯಲ್ಲಿಯೇ ಮಡಿದರು. ಮಣ್ಣಿನಿಂದ ಜೋಡಿಸಿದ ದಪ್ಪ ಕಲ್ಲುಗೋಡೆ, ಮೇಲೆ ಮೊಳದುದ್ದ ಮಣ್ಣು ಹೊತ್ತ ಮಾಳಿಗೆ. ಬಿಸಿಲು ಮಳೆಗಳಿಂದ ತಲೆತಲಾಂತರ ಕಾಪಾಡಿದ ಮನೆಗಳೇ ಅಂದು ಗೋರಿಗಳಾದವು. ಕಟ್ಟಿದವರ ಕೈಯಲ್ಲಿ ಕುಶಲತೆ ಇರಲಿಲ್ಲವೆನ್ನೋಣವೆ? ಅದು ಅನ್ಯಾಯದ ಮಾತಾದೀತು. ಗೋಡೆಯ ಎರಡು ಮೈಗಳನ್ನು ಹಿಡಿದಿಡುವಂತೆ ಅಡ್ಡಗಲ್ಲುಗಳನ್ನು ಇಡಬೇಕು, ಮಾಳಿಗೆಯ ಮಣ್ಣಿನ ಭಾರವನ್ನು ಇಳಿಸಬೇಕು ಎಂಬ ತಿಳಿವಳಿಕೆ ಅನಾಹುತದ ತರುವಾಯ ಊರೂರಿಗೆ ಬಂದಿತು; ಮೊದಲೇ ಅವರ ಕೈಗೆ ಬಂದಿರಲಿಲ್ಲ. ತಪ್ಪು ಯಾರದೆಂದು ಕೇಳುವ ಮೊದಲು, ಅವರ ಕೈಗೆ ಏನನ್ನು ಕೊಟ್ಟಿದ್ದೆವೆಂದು ಕೇಳಿಕೊಳ್ಳುವುದು ನ್ಯಾಯವಾದ ಕ್ರಮ.

ಹಾಗಾದರೆ ಹುಡುಗನಿಗೆ ಬೆಲೆಯುಳ್ಳ ಹೊಸ ಹತ್ತರಿಯನ್ನೇ ಕೊಳ್ಳೆಂದು ಹೇಳಬೇಕಾಗಿತ್ತೆ? ಇಲ್ಲಿ ಎರಡನೆಯ ಅಪಾಯ ಎದುರಾಗುತ್ತದೆ. ಒಳ್ಳೆಯದನ್ನು ಕೊಂಡರೆ ಒಳ್ಳೆಯ ಕೆಲಸ ತಾನಾಗಿ ಬರುವುದೆಂಬ ಭ್ರಮೆ ಅದು. ಒಂದು ಹತ್ತರಿಯಿಂದ ತೃಪ್ತಿಯಾಗದೆ ಮತ್ತೊಂದನ್ನು, ಅದರಿಂದಲೂ ಆಗದೆ ಮೂರನೆಯದನ್ನು ಕೊಳ್ಳುತ್ತ ಹೋಗುವವರುಂಟು. ಅವರು ಕುಣಿಯುವ ಬದಲು ಅಂಗಳವನ್ನೇ ಬದಲಿಸುತ್ತಿರುವವರು. ಗಡಿ ದಾಟಿದರೆ ಸಿಗುವ ಬಸವಕಲ್ಯಾಣದ ಕಡೆಯಿಂದ ನಮಗೆ ಬಂದ ಕಥೆಯೊಂದುಂಟು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಮರಳಿ ಸುರಿದು ಬರಲು ಹೇಳಿದಳು. ಬೇಕಾದುದನ್ನು ತರಬಾರದೆಂದು ಅವಳು ಹೇಳಲಿಲ್ಲ. ಬೇಕಾದುದರ ಎಲ್ಲೆಯನ್ನು ತೋರಿಸಿದಳು. ಅದೇ ಶರಣರ ಕೂಟದಲ್ಲಿ ಬಾಚಿಕಾಯಕದ ಬಸವಣ್ಣನೆಂಬ ಬಡಿಗ ವಚನಕಾರನಿದ್ದನು. ಅವನ ಹೆಸರಿನೊಡನೆ ಉಳಿದುಬಂದದ್ದು ಒಂದೇ ಒಂದು ಉಪಕರಣ. ಬಾಚಿ ಅವನ ಸಂಪತ್ತಾಗಿರಲಿಲ್ಲ, ಅವನ ಜವಾಬ್ದಾರಿಯಾಗಿತ್ತು. ಕಾಯಕವೆಂಬ ಮಾತಿನಲ್ಲಿ ಈ ಜವಾಬ್ದಾರಿಯೂ ಸೇರಿದೆಯೆಂದು ನಾವು ತಿಳಿಯುತ್ತೇವೆ.

ವಿದ್ಯುತ್ತಿನ ಯಂತ್ರದ ಬಗೆಗೂ ಒಂದು ಮಾತು. ದಿನಕ್ಕೆ ಹತ್ತು ಬಾಗಿಲು ಕೀಸಿ ಮನೆಮಂದಿಯ ಹೊಟ್ಟೆ ಹೊರೆಯಬೇಕಾದ ಬಡಿಗನಿಗೆ ಯಂತ್ರ ಬೇಡವೆಂದು ಉಪದೇಶಿಸುವ ಹಕ್ಕು ನಮಗಿಲ್ಲ. ಅವನ ಭುಜದ ನೋವು ನಮ್ಮದಲ್ಲ. ಆದರೆ ಯಂತ್ರದ ಆರ್ಭಟದಲ್ಲಿ ಕಟ್ಟಿಗೆಯ ಮಾತು ಕೇಳಿಸುವುದಿಲ್ಲ. ಎಳೆ ಯಾವ ಕಡೆಗೆ ಓಡುತ್ತಿದೆ, ಅಲಗು ಯಾವಾಗ ಮೊಂಡಾಯಿತು ಎಂಬುದನ್ನು ಅಂಗೈಗೆ ತಿಳಿಸುವ ಶಕ್ತಿ ಕೈಹತ್ತರಿಗಿದೆ. ಯಂತ್ರವು ಎರಡನೆಯದಾಗಿ ಬರಲಿ, ಮೊದಲನೆಯದಾಗಿ ಬೇಡ.

ಇಷ್ಟೆಲ್ಲ ಯೋಚಿಸಿ ನಾವು ಹುಡುಗನಿಗೆ ಹೇಳಿದ್ದು ಇದು: “ತಮ್ಮಾ, ನೀನೇ ಬಿಚ್ಚಿ, ನೀನೇ ಮಸೆದು, ನೀನೇ ಮಟ್ಟ ಮಾಡಿ, ನೀನೇ ಜೋಡಿಸಬಲ್ಲ ಹತ್ತರಿಯನ್ನು ತೆಗೆದುಕೋ. ಹಳೆಯದಾದರೂ ಸರಿ. ತುಕ್ಕು ಹಿಡಿದಿದ್ದರೆ ಅಂಜಬೇಡ, ತುಕ್ಕು ಹೋಗುತ್ತದೆ. ಮೈ ಬಿರುಕು ಬಿಟ್ಟಿದ್ದರೆ ಬಿಟ್ಟುಬಿಡು. ತಳದ ಮೇಲೆ ಗುಣ್ಯಾ ಇಟ್ಟು ಬೆಳಕಿಗೆ ಹಿಡಿದು ನೋಡು. ಅಲಗಿನಲ್ಲಿ ಇನ್ನೂ ಮಸೆಯುವಷ್ಟು ಉಕ್ಕು ಉಳಿದಿದೆಯೋ ನೋಡು. ಬಣ್ಣವನ್ನು ನೋಡಬೇಡ.” ನಮ್ಮ ತೀರ್ಮಾನದ ತಿರುಳು ಇದಿಷ್ಟೇ. ದೋಷವೇ ಇಲ್ಲದ ಉಪಕರಣ ಲೋಕದಲ್ಲಿಲ್ಲ. ತನ್ನ ದೋಷವನ್ನು ಮರೆಮಾಡದ, ತಿದ್ದಲು ಬರುವ ಉಪಕರಣ ಇದೆ. ಅಂತಹದನ್ನು ಆರಿಸುವವನು, ಮುಂದೆ ತನಗೆ ನೆಪವಾಗಿ ಒದಗಬಹುದಾದುದನ್ನು ಮೊದಲೇ ತೆಗೆದುಹಾಕುತ್ತಾನೆ. ಅವನು ಆರಿಸಿಕೊಂಡದ್ದು ಹತ್ತರಿಯನ್ನಷ್ಟೇ ಅಲ್ಲ, ಹೊಣೆಯನ್ನು.

ಈಗ ಈ ಪತ್ರಿಕೆಯ ವಾಚಕರಾದ ಶಿಕ್ಷಕ ಬಂಧುಗಳ ಕಡೆಗೆ ತಿರುಗುತ್ತೇವೆ. 1937ರಲ್ಲಿ ವರ್ಧಾದಲ್ಲಿ ಸಮಾವೇಶಗೊಂಡ ಶಿಕ್ಷಣ ಪರಿಷತ್ತು, ಹೈದರಾಬಾದಿನಲ್ಲಿ ಹುಟ್ಟಿದ ಜಾಕೀರ್ ಹುಸೇನರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಮೂಲ ಶಿಕ್ಷಣಕ್ಕೆ ಆಧಾರವಾಗಬಲ್ಲ ಕಸಬುಗಳಲ್ಲಿ ಬಡಿಗತನವನ್ನೂ ಆ ಸಮಿತಿ ಎಣಿಸಿತ್ತು; ಶಿಕ್ಷಣವು ಮಾತೃಭಾಷೆಯಲ್ಲಿಯೇ ನಡೆಯಬೇಕೆಂಬುದೂ ಆ ಯೋಜನೆಯ ಅಂಗವಾಗಿತ್ತು. ಕಸಬು ಮತ್ತು ತಾಯಿನುಡಿ ಇವೆರಡನ್ನೂ ಒಟ್ಟಿಗೆ ಇಟ್ಟದ್ದು ಆಕಸ್ಮಿಕವಲ್ಲ. ಮಗುವಿನ ಕೈಗೆ ಮೊದಲ ಉಪಕರಣ ಹತ್ತರಿಯಾಗಬಹುದು. ಮಗುವಿನ ಬುದ್ಧಿಗೆ ಮೊದಲ ಉಪಕರಣ ಭಾಷೆ.

ನಮ್ಮ ಸೀಮೆಯ ಸ್ಥಿತಿ ಎಲ್ಲರಿಗೂ ತಿಳಿದದ್ದೇ. ಉದಗೀರ, ನಿಲಂಗಾ ತಾಲೂಕುಗಳು 1956ರ ನವೆಂಬರ್ 1ರ ವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಅಂದು ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. 1982ರಲ್ಲಿ ಹೊಸ ಲಾತೂರ ಜಿಲ್ಲೆಯ ಭಾಗವಾದವು. ಕಾಗದದ ಮೇಲೆ ಗೆರೆಗಳು ಬದಲಾದವು. ಮನೆಯೊಳಗೆ ತಾಯಂದಿರು ಮಕ್ಕಳನ್ನು ಕರೆಯುವ ಮಾತು ಬದಲಾಗಲಿಲ್ಲ. ಮಗುವು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಬಜಾರದಲ್ಲಿ ಹಿಂದಿ ಉರ್ದುಗಳ ಬೆರಕೆ, ಪರೀಕ್ಷೆಯ ಭಯದಲ್ಲಿ ಇಂಗ್ಲಿಷು ಹೀಗೆ ನಾಲ್ಕು ಕಟ್ಟಿಗೆಗಳನ್ನು ಕೀಸಬೇಕಾಗಿದೆ. ಇದು ಶಾಪವಲ್ಲ, ಕೈಯಲ್ಲಿ ಒಂದು ಹರಿತವಾದ ಹತ್ತರಿ ಇದ್ದರೆ ಇದು ಸಂಪತ್ತು.

ಆದರೆ ಆ ಹತ್ತರಿಯನ್ನು ನಾವು ಮಸೆದು ಕೊಡುತ್ತಿದ್ದೇವೆಯೆ? ಮಗುವಿಗೆ ಲೆಕ್ಕ ತಿಳಿಯದಿದ್ದರೆ “ಇವನ ತಲೆಯೇ ಇಷ್ಟು” ಎಂದುಬಿಡುತ್ತೇವೆ. ಲೆಕ್ಕದ ವಾಕ್ಯವನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ ನಾವು ಹೇಳಿದೆವೋ ಇಲ್ಲವೋ ಎಂದು ಗುಣ್ಯಾ ಇಟ್ಟು ಬೆಳಕಿಗೆ ಹಿಡಿದು ನೋಡುವುದಿಲ್ಲ. ಕನ್ನಡದ ಅಭಿಮಾನ ನಮಗೆಲ್ಲರಿಗೂ ಇದೆ, ಅಭಿಮಾನವೇ ಸಾಣೆಕಲ್ಲಲ್ಲ. ಮೊಂಡು ಕನ್ನಡವನ್ನು ಮಗುವಿನ ಕೈಗಿತ್ತು, ಅವನು ಸೋತಾಗ ಅವನ ಕೈಯನ್ನೇ ದೂರಿದರೆ, ಸಂತೆಯಲ್ಲಿ ಡೊಂಕು ಹತ್ತರಿ ಮಾರಿದವನಿಗೂ ನಮಗೂ ಏನು ಅಂತರ? ಅವನಾದರೂ ಅಪರಿಚಿತ, ನಾವು ಗುರುಗಳೆನಿಸಿಕೊಂಡವರು. ತಾಯಿತಂದೆಗಳು ಬೇರೆ ಮಾಧ್ಯಮದ ಹೊಳೆಯುವ ಬಣ್ಣಕ್ಕೆ ಮರುಳಾಗುತ್ತಾರೆಂದು ಮರುಗುವ ಮೊದಲು, ನಮ್ಮ ಅಲಗಿನ ಹರಿತವನ್ನು ನಾವು ಉಗುರಿನ ಮೇಲೆ ಪರೀಕ್ಷಿಸಿಕೊಳ್ಳಬೇಕು.

ವಿದ್ಯಾರ್ಥಿ ಮಿತ್ರರಿಗೆ ಹೇಳುವುದು ಇಷ್ಟೇ. ಸೋತಾಗ ನೆಲವನ್ನು ದೂರಲು ಆತುರ ಪಡಬೇಡಿರಿ. ನಿಮ್ಮನ್ನೇ ಹಳಿದುಕೊಳ್ಳಲೂ ಆತುರ ಪಡಬೇಡಿರಿ. ಪರೀಕ್ಷಿಸಿ ನೋಡಿರಿ. ತಪ್ಪನ್ನು ಅದರ ಸರಿಯಾದ ಸ್ಥಳದಲ್ಲಿ ಇಡುವುದೇ ಪ್ರಾಮಾಣಿಕತೆ. ಅಹಂಕಾರವು ಎಲ್ಲವನ್ನೂ ಹೊರಗೆ ಹಾಕುತ್ತದೆ. ಕೀಳರಿಮೆಯು ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಎರಡೂ ಮಟ್ಟ ತಪ್ಪಿದ ಹತ್ತರಿಗಳೇ.

ಆ ಹುಡುಗನ ಕಥೆಯನ್ನು ಮುಗಿಸುತ್ತೇವೆ. ಅವನು ಹಳೆಯದೊಂದು ಹದಿನಾಲ್ಕು ಅಂಗುಲದ ಕಬ್ಬಿಣದ ಹತ್ತರಿಯನ್ನು ತಂದನು. ದಪ್ಪ ಗಾಜಿನ ಹಲಗೆಯ ಮೇಲೆ ಪಾಲಿಶ್ ಕಾಗದ ಅಂಟಿಸಿ ಎರಡು ಭಾನುವಾರ ಅದರ ತಳವನ್ನು ತಿಕ್ಕಿದನು. ಅಲಗಿನ ಓರೆಯನ್ನು 25 ಅಂಶಕ್ಕೆ ತಂದು, ತುದಿಯನ್ನಷ್ಟು 30ಕ್ಕೆ ಮಸೆದನು. ಬೆರಳು ಕೊಯ್ದುಕೊಂಡನು, ಮತ್ತೆ ಮಸೆದನು. ಒಂದು ಸಂಜೆ ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಂಡು ಸಾಗುವಾನಿಯ ಸಿಪ್ಪೆಯೊಂದನ್ನು ತಂದು ತೋರಿಸಿದನು. ಅದರ ಮೂಲಕ ಅಕ್ಷರಗಳು ಕಾಣುತ್ತಿದ್ದವು.

ಮರುವಾರ ಹಲಗೆಯೊಂದನ್ನು ತಂದನು. ಅದರ ಒಂದು ತುದಿ ಕಿತ್ತುಬಂದಿತ್ತು. ಏನಾಯಿತೆಂದು ನಾವು ಕೇಳುವ ಮೊದಲೇ ಅವನು, “ತಪ್ಪು ಅಲಗಿಂದಲ್ರಿ ಗುರುಜಿ. ಎಳಿ ನೋಡಲಾರ್ದೆ ನಾನೇ ಉಲ್ಟಾ ಹೊಡದೀನ್ರಿ” ಎಂದನು. ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ಹಲಗೆಯನ್ನು ತಿರುಗಿಸಿ ಹಿಡಿದುಕೊಂಡು, ಮತ್ತೆ ಕೀಸಲು ಹೊರಟನು.